ತಟ್ಟೆ ಇಡ್ಲಿಗೂ ಮೊಮೊಗೂ ಒಂದೇ ಹಬೆ

ತುಮಕೂರಿನಲ್ಲಿ ಎರಡು ಥರದ ಹಬೆ ಏಳುತ್ತದೆ. ಬೆಳಿಗ್ಗೆ ಕ್ಯಾತಸಂದ್ರದ ಹೋಟೆಲುಗಳಲ್ಲಿ ತಟ್ಟೆ ಇಡ್ಲಿಯ ಹಬೆ. ಸಂಜೆಯಾದರೆ ಎಸ್.ಎಸ್.ಪುರಂ, ಎಸ್‌ಐಟಿ ರಸ್ತೆ, ಬಿ.ಎಚ್. ರಸ್ತೆಯ ಬದಿಯ ಗಾಡಿಗಳಲ್ಲಿ ಅಲ್ಯೂಮಿನಿಯಂ ಪಾತ್ರೆಗಳ ಮೊಮೊ ಹಬೆ. ನಮ್ಮಪ್ಪನ ಕಾಲದವರಿಗೆ ಮೊದಲನೆಯದು ಮಾತ್ರ ಗೊತ್ತಿತ್ತು, ನಮಗೆ ಎರಡೂ ಗೊತ್ತು. ಆದರೆ ಮೊಮೊ ಎಲ್ಲಿಂದ ಬಂತು, ಅದನ್ನು ಬೇಯಿಸುವವರು ಯಾರು ಎಂದು ಕೇಳಿ ನೋಡಿ. 'ಅದೇ ಕಣೋ, ನೇಪಾಳದವ್ರು' ಎಂದು ಒಂದೇ ಮಾತಲ್ಲಿ ಮುಗಿಸಿಬಿಡುತ್ತೇವೆ. ಆ ಗಾಡಿಯವರಲ್ಲಿ ಎಷ್ಟೋ ಜನ ನೇಪಾಳದವರಲ್ಲ, ಡಾರ್ಜಿಲಿಂಗ್, ಅಸ್ಸಾಂ ಕಡೆಯವರೂ ಇದ್ದಾರೆ ಎಂಬುದು ನನಗೂ ಗೊತ್ತಾಗಿದ್ದು ಈ ವರ್ಷವೇ.

ಡಿಗ್ರಿ ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕುತ್ತಾ, ಕೋಚಿಂಗ್ ಕ್ಲಾಸಿಗೆ ಅಲೆಯುತ್ತಾ ಇರುವ ಮೂವರು ನಾವು. ನನ್ನದು ತುಮಕೂರು. ಒಬ್ಬ ಗುಬ್ಬಿಯವನು, ಇನ್ನೊಬ್ಬ ಕುಣಿಗಲ್‌ನವನು. ಭಾನುವಾರ ಮಾತ್ರ ಪುಸ್ತಕ ಮುಚ್ಚಿಡುವುದು ನಮ್ಮ ರೂಢಿ. ಅಂಥ ನಾಲ್ಕು ಭಾನುವಾರ ತಲಾ ನೂರು ರೂಪಾಯಿ ಹಿಡಿದು ನಮ್ಮ ಮೂರೂ ಊರು ಸುತ್ತಿ, ಹಬೆಯಲ್ಲಿ ಬೆಂದ ತಿಂಡಿಗಳನ್ನೇ ತಿಂದೆವು. ಅದಕ್ಕೆ ಕಾರಣವಾಗಿದ್ದು 'ಡಿಮ್ ಸಮ್' ಎಂಬ ಎರಡು ಪದ.

ಬುಟ್ಟಿಯಲ್ಲಿ ನಾಲ್ಕು ಕಡುಬು

ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿದ್ದಾಗ ದೊಡ್ಡಮ್ಮನ ಮಗಳು, ಸಾಫ್ಟ್‌ವೇರ್ ಕಂಪನಿಯಲ್ಲಿರುವ ಅಕ್ಕ, ಊಟಕ್ಕೆ ಒಂದು ರೆಸ್ಟೋರೆಂಟಿಗೆ ಕರೆದುಕೊಂಡು ಹೋದಳು. ಬಿದಿರಿನ ಪುಟ್ಟ ಬುಟ್ಟಿ ಬಂತು. ಮುಚ್ಚಳ ತೆಗೆದರೆ ಒಳಗೆ ನಾಲ್ಕೇ ನಾಲ್ಕು ಕಡುಬು. ಅದರ ಬೆಲೆಯಲ್ಲಿ ನಮ್ಮೂರಲ್ಲಿ ಒಂದು ವಾರದ ತಿಂಡಿ ಆಗುತ್ತಿತ್ತು. ಅಕ್ಕ ನಗುತ್ತಾ 'ಇದು ಡಿಮ್ ಸಮ್ ಕಣೋ, ಮೊಮೊ ಅನ್ಬೇಡ' ಎಂದಳು. ನನಗೋ, ನಮ್ಮಮ್ಮ ಗೌರಿ–ಗಣೇಶ ಹಬ್ಬಕ್ಕೆ ಮಾಡುವ ಸಿಹಿ ಕಡುಬಿನ ತಂಗಿಯಂತೆ ಕಂಡಿತು.

ಆಮೇಲೆ ಅದರ ಬಗ್ಗೆ ಓದಿದೆ. ಡಿಮ್ ಸಮ್ ಚೀನಾದ ದಕ್ಷಿಣ ಭಾಗದ ಗ್ವಾಂಗ್‌ಡಾಂಗ್ ಪ್ರಾಂತ್ಯದ, ಅಂದರೆ ಕ್ಯಾಂಟನೀಸ್ ಮಾತಾಡುವ ಜನರ ತಿಂಡಿ. ಆ ಪದಕ್ಕೆ ಅಕ್ಷರಶಃ 'ಹೃದಯ ಮುಟ್ಟುವುದು' ಎಂದು ಅರ್ಥ ಹೇಳುತ್ತಾರೆ. ಅದು ಒಂದೇ ತಿನಿಸಿನ ಹೆಸರಲ್ಲ. ಸಿಗಡಿ ತುಂಬಿದ ತೆಳು ಪೊರೆಯ 'ಹಾರ್ ಗಾವ್', ಬಾಯಿ ತೆರೆದ ಚೀಲದಂಥ 'ಸಿಯು ಮೈ', ಉಬ್ಬಿದ ಬನ್ನಿನಂಥ 'ಬಾವ್', ಮೂಲಂಗಿ ತುರಿ ಹಾಕಿದ ಅಕ್ಕಿ ಹಿಟ್ಟಿನ ಬಿಲ್ಲೆ, ಹೀಗೆ ಹತ್ತಾರು ಸಣ್ಣ ತಿಂಡಿಗಳಿಗೆಲ್ಲ ಸೇರಿ ಆ ಹೆಸರು. ಇವನ್ನು ಚಹಾದ ಜೊತೆ ತಿನ್ನುವುದಕ್ಕೆ ಅಲ್ಲಿ 'ಯಮ್ ಚಾ' ಅನ್ನುತ್ತಾರೆ, ಅಂದರೆ ಚಹಾ ಕುಡಿಯುವುದು. ಬೆಳಿಗ್ಗೆ ಹಿರಿಯರು ಪತ್ರಿಕೆ ಹಿಡಿದು ಚಹಾದಂಗಡಿಯಲ್ಲಿ ಕೂರುತ್ತಾರೆ. ಹಳೆಯ ಅಂಗಡಿಗಳಲ್ಲಿ ತಳ್ಳುಗಾಡಿಯ ಮೇಲೆ ಬುಟ್ಟಿಗಳು ಮೇಜಿನ ಹತ್ತಿರವೇ ಬರುತ್ತವೆ. ಬೇಕಾದ್ದನ್ನು ಎತ್ತಿಕೊಂಡು ಎಲ್ಲರೂ ಹಂಚಿಕೊಂಡು ತಿನ್ನುವುದು. ಪಕ್ಕದವರು ನಿಮ್ಮ ಲೋಟಕ್ಕೆ ಚಹಾ ಸುರಿದರೆ ಎರಡು ಬೆರಳಿನಿಂದ ಮೇಜು ತಟ್ಟುವುದೇ ಧನ್ಯವಾದ.

ಇದನ್ನು ಗೆಳೆಯರಿಗೆ ಹೇಳಿದಾಗ ಗುಬ್ಬಿಯವನು, 'ಲೋ, ಇದು ನಮ್ಮ ಬೈಟು ಕಾಫಿ ಕಣೋ!' ಎಂದ. ಅವನ ಮಾತು ಸರಿ ಅನ್ನಿಸಿತು. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿಕೊಂಡು ಮುಕ್ಕಾಲು ಗಂಟೆ ಹರಟುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಬೆಂಗಳೂರಿನ ರೆಸ್ಟೋರೆಂಟಿನಲ್ಲಿ ಶ್ರೀಮಂತರ ಊಟವಾಗಿ ಕಂಡ ಡಿಮ್ ಸಮ್ ತನ್ನ ಊರಿನಲ್ಲಿ ಸಾಮಾನ್ಯರು ಜೊತೆಯಾಗಿ ಕೂರಲು ಒಂದು ನೆಪ.

ಕ್ಯಾತಸಂದ್ರದಿಂದ ಶುರು

ಮೊದಲ ಭಾನುವಾರ ಸಿದ್ಧಗಂಗಾ ಮಠಕ್ಕೆ ಹೋಗಿ, ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದೆವು. ಹಿಟ್ಟನ್ನು ಚಪ್ಪಟೆ ತಟ್ಟೆಗಳಿಗೆ ಹುಯ್ದು, ಸ್ಟ್ಯಾಂಡಿಗೆ ಒಂದರ ಮೇಲೊಂದು ಜೋಡಿಸಿ ಹಬೆಗೆ ಇಡುತ್ತಾರೆ. ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ಕ್ಯಾಂಟನೀಸರ 'ಚಂಗ್ ಫನ್' ಎಂಬ ಡಿಮ್ ಸಮ್ಮನ್ನೂ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ. ಅಕ್ಕಿ ಹಿಟ್ಟನ್ನು ತೆಳುವಾಗಿ ತಟ್ಟೆಗೋ ಬಟ್ಟೆಯ ಮೇಲೋ ಹುಯ್ದು, ಹಬೆಯಲ್ಲಿ ಬೇಯಿಸಿ ಸುರುಳಿ ಸುತ್ತುತ್ತಾರೆ. ನಾವು ಹಿಟ್ಟನ್ನು ಹುಳಿ ಬರಿಸುತ್ತೇವೆ, ಅವರು ಬರಿಸುವುದಿಲ್ಲ. ಸಾವಿರಾರು ಮೈಲಿ ದೂರದ ಎರಡು ಊರಿನವರು ಅಕ್ಕಿ, ನೀರು, ಬೆಂಕಿ ಇಟ್ಟುಕೊಂಡು ಒಂದೇ ಉಪಾಯ ಹುಡುಕಿಕೊಂಡಿದ್ದಾರೆ. ನಮ್ಮ ಮನೆಗಳ ನುಚ್ಚಿನುಂಡೆಯನ್ನೂ ಇದೇ ಪಂಕ್ತಿಯಲ್ಲಿ ಕೂರಿಸಬಹುದು. ನೆನೆಸಿ ರುಬ್ಬಿದ ಬೇಳೆಯನ್ನು ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಮಜ್ಜಿಗೆ ಹುಳಿ ಜೊತೆ ತಿನ್ನುವ ಅದಕ್ಕೆ ಬಿದಿರಿನ ಬುಟ್ಟಿಯೊಂದೇ ಕಡಿಮೆ.

ಎರಡನೇ ಭಾನುವಾರ ಗುಬ್ಬಿ. ಪ್ಯಾಸೆಂಜರ್ ರೈಲಿನಲ್ಲಿ ಹೋದರೆ ಖರ್ಚೂ ಕಡಿಮೆ. ಗುಬ್ಬಿಯೆಂದರೆ ಎಲ್ಲರಿಗೂ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ನೆನಪಾಗುತ್ತದೆ. 1884ರಲ್ಲಿ ಹುಟ್ಟಿದ ಆ ಕಂಪನಿ ಊರೂರು ತಿರುಗಿ, ಕ್ಯಾಂಪು ಹಾಕಿ, ಚಿಕ್ಕ ಊರಿನ ಹೆಸರನ್ನು ನಾಡಿಗೆಲ್ಲ ಒಯ್ದಿತು. ಈಗ ಗುಬ್ಬಿಗೇ ಹೊರಗಿನವರು ಬರುತ್ತಿದ್ದಾರೆ. ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ಇತ್ತ ತುಮಕೂರಿನ ವಸಂತನರಸಾಪುರದ ಕೈಗಾರಿಕಾ ಪ್ರದೇಶಕ್ಕೆ ಒಡಿಶಾ, ಬಿಹಾರ, ಅಸ್ಸಾಂ ಕಡೆಯ ಹುಡುಗರು ದುಡಿಯಲು ಬರುತ್ತಾರೆ. ಗುಬ್ಬಿಯಲ್ಲಿ ನಾವು ತಿಂದಿದ್ದು ಗೋಬಿ ಮಂಚೂರಿ. ಹಬೆಯ ನಿಯಮ ಮುರಿಯಿತು, ಆದರೆ ಆ ಗಾಡಿಯವನು ನಮ್ಮ ಗೆಳೆಯನ ಪಿಯುಸಿ ಜೂನಿಯರ್, ಬಿಡುವುದು ಹೇಗೆ?

ಗೋಬಿ ಮಂಚೂರಿಯನ್ನು ಚೀನಾದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕೋಲ್ಕತ್ತದಲ್ಲಿ ಹುಟ್ಟಿದ ಚೀನೀ ಮೂಲದ ನೆಲ್ಸನ್ ವಾಂಗ್ 1970ರ ದಶಕದಲ್ಲಿ ಮುಂಬೈನಲ್ಲಿ ಚಿಕನ್ ಮಂಚೂರಿಯನ್ ಮಾಡಿದರು ಎಂಬುದು ಎಲ್ಲೆಡೆ ಹೇಳುವ ಕಥೆ. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿಯ ನಮ್ಮ ಒಗ್ಗರಣೆಗೆ ಗರಂ ಮಸಾಲೆಯ ಬದಲು ಸೋಯಾ ಸಾಸು ಹಾಕಿದರಂತೆ. ಕೋಳಿ ಇದ್ದಲ್ಲಿಗೆ ಹೂಕೋಸು ಬಂದು ಅದು ನಮ್ಮ ಜಾತ್ರೆಗಳಿಗೂ ಕಾಲಿಟ್ಟಿತು. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿದ್ದು ನಿಮಗೆ ನೆನಪಿರಬಹುದು. ಆಗ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಬಣ್ಣ ಸಿಕ್ಕಿತ್ತು. ಜೂನಿಯರ್ ಹುಡುಗ ಈಗ ಬಣ್ಣ ಹಾಕುವುದಿಲ್ಲ. 'ಕೆಂಪಿಲ್ಲ ಅಂದ್ರೆ ಗೋಬಿನೇ ಅಲ್ಲ ಅಂತಾರಣ್ಣ, ಬ್ಯಾಡಗಿ ಮೆಣಸಿನಕಾಯಿ ರುಬ್ಬಿ ಹಾಕ್ತೀನಿ' ಎಂದ.

ಹೆಸರು ಕೇಳಿದವರು ಕಡಿಮೆ

ಮೂರನೇ ಭಾನುವಾರ ಮತ್ತೆ ತುಮಕೂರಿನಲ್ಲಿ, ನಾವು ಯಾವಾಗಲೂ ಹೋಗುವ ಮೊಮೊ ಗಾಡಿಯ ಹತ್ತಿರ ಇನ್ನೂ ಗಿರಾಕಿಗಳಿಲ್ಲದ ಹೊತ್ತಿಗೇ ಹೋದೆವು. ಅಣ್ಣ ಹಿಟ್ಟಿನ ಬಿಲ್ಲೆ ಅಂಗೈ ಮೇಲಿಟ್ಟು, ಎಲೆಕೋಸಿನ ಹೂರಣ ತುಂಬಿ, ಅಂಚು ಮಡಚುತ್ತಿದ್ದರು. ನಮ್ಮಜ್ಜಿ ಕರ್ಜಿಕಾಯಿಯ ಅಂಚು ಮಡಚುವ ಹಾಗೇ. ಅದನ್ನೇ ಹೇಳಿದಾಗ ನಕ್ಕು, 'ನಿಮ್ದು ಸ್ವೀಟು, ನಮ್ದು ಖಾರ' ಎಂದರು. ಅವರ ಕನ್ನಡ ಗಿರಾಕಿಗಳಿಂದಲೇ ಕಲಿತದ್ದು. ಮಗಳದು ಬೇರೆ, ಅವಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದುತ್ತಾಳೆ, ಅಪ್ಪನ ವ್ಯಾಕರಣ ತಿದ್ದುತ್ತಾಳಂತೆ.

ಅವರ ಊರು ಪೂರ್ವ ನೇಪಾಳ. ಮೊದಲು ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸ, ಆಮೇಲೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದು, ಅಲ್ಲಿಂದ ಅಡುಗೆಮನೆ. ಬಾಡಿಗೆ ಕಡಿಮೆಯೆಂದು ತುಮಕೂರಿಗೆ ಬಂದರು. ಮೂರು ಮನೆಯವರು ಮುಖ ನೋಡಿಯೇ 'ಖಾಲಿ ಇಲ್ಲ' ಎಂದರಂತೆ, ನಾಲ್ಕನೆಯದು ಸಿಕ್ಕಿತು. ಕೊರೊನಾ ಕಾಲದಲ್ಲಿ ರಸ್ತೆಯಲ್ಲಿ ಹೋಗುವವರು 'ಚೀನಾ' ಎಂದು ಕೂಗುತ್ತಿದ್ದರು. ಇದನ್ನೆಲ್ಲ ಅವರು ದೂರಿನ ಹಾಗೆ ಹೇಳಲಿಲ್ಲ, ಮಡಚುವ ಕೈ ನಿಲ್ಲಿಸಲೂ ಇಲ್ಲ. 'ದಿನಾ ಬರೋರು ತುಂಬಾ ಜನ. ಹೆಸರು ಕೇಳಿದೋರು ಕಮ್ಮಿ' ಎಂದರಷ್ಟೇ.

ಅವರು ಇಲ್ಲಿ ದುಡಿಯುವುದರಲ್ಲಿ ಕದ್ದುಮುಚ್ಚಿ ಮಾಡುವಂಥದ್ದು ಏನೂ ಇಲ್ಲ. 1950ರ ಭಾರತ–ನೇಪಾಳ ಶಾಂತಿ ಮತ್ತು ಸ್ನೇಹ ಒಪ್ಪಂದದ ಪ್ರಕಾರ ಎರಡೂ ದೇಶದವರು ಪರಸ್ಪರರ ನೆಲದಲ್ಲಿ ಇರಬಹುದು, ದುಡಿಯಬಹುದು, ವ್ಯಾಪಾರ ಮಾಡಬಹುದು. ಇನ್ನು ಟಿಬೆಟಿನವರ ಮೊಮೊ ಕರ್ನಾಟಕಕ್ಕೆ ಬಂದು ಅರವತ್ತು ವರ್ಷಕ್ಕೂ ಮೇಲಾಯಿತು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ಮುಂಡಗೋಡ, ಹುಣಸೂರು, ಕೊಳ್ಳೇಗಾಲದ ಕಡೆಯೂ ಅವರ ನೆಲೆಗಳಾದವು.

ಚೀನೀ ಮೂಲದವರ ಕಥೆ ಇನ್ನೂ ಹಳೆಯದು. ಹದಿನೆಂಟನೇ ಶತಮಾನದ ಕೊನೆಯ ಭಾಗದಲ್ಲೇ ಟಾಂಗ್ ಅಚ್ಯೂ ಎಂಬಾತ ಕೋಲ್ಕತ್ತದ ಹತ್ತಿರ ಸಕ್ಕರೆ ಗಿರಣಿ ಹಾಕಿದ. ಆ ಜಾಗಕ್ಕೆ ಅವನ ಹೆಸರಿನಿಂದಲೇ ಅಚಿಪುರ ಎಂದಾಯಿತು. ಕೋಲ್ಕತ್ತದ ಟಿರೆಟ್ಟಾ ಬಜಾರಿನಲ್ಲಿ ಬೆಳ್ಳಂಬೆಳಿಗ್ಗೆ ರಸ್ತೆಯ ಮೇಲೇ ಬಾವ್, ಹಬೆ ಕಡುಬು ಮಾರುವುದು ಪ್ರಸಿದ್ಧ. ನಮ್ಮ ದೇಶದಲ್ಲಿ ಜನಸಾಮಾನ್ಯರ ಡಿಮ್ ಸಮ್ ಬೀದಿಯೆಂದರೆ ಅದೇ. ಆದರೆ 1962ರ ಯುದ್ಧದ ಹೊತ್ತಿನಲ್ಲಿ, ಇಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ಸುಮಾರು 3,000 ಜನರನ್ನು ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಲಾಯಿತು. ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದರು. ಅವರ ಅಡುಗೆ ಮಾತ್ರ ದೇಶದ ಬೀದಿಬೀದಿಗೆ ಹಬ್ಬಿತು.

ಇದು ದೂರದ ಕಥೆ ಅಂದುಕೊಳ್ಳಬೇಡಿ. 2012ರ ಆಗಸ್ಟ್‌ನಲ್ಲಿ, ಎಸ್ಸೆಮ್ಮೆಸ್ಸಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ವದಂತಿ ತಡೆಯಲು ಗುಂಪು ಎಸ್ಸೆಮ್ಮೆಸ್ಸುಗಳಿಗೆ ದೇಶದಾದ್ಯಂತ ಮಿತಿ ಹಾಕಿದರು. ನಾನಾಗ ಮೂರನೇ ಕ್ಲಾಸು, ಟಿ.ವಿ.ಯಲ್ಲಿ ತುಂಬಿ ತುಳುಕುವ ಪ್ಲಾಟ್‌ಫಾರ್ಮ್ ನೋಡಿದ್ದಷ್ಟೇ ನೆನಪು. ಅಲ್ಲಿ ಚೀಲ ಹಿಡಿದು ನಿಂತಿದ್ದವರಲ್ಲಿ ಬಹಳ ಮಂದಿ ಈಗಿನ ನಮ್ಮ ವಯಸ್ಸಿನವರೇ. ಓದಲು, ಕೆಲಸ ಹುಡುಕಲು ಬಂದವರು.

ಕುಣಿಗಲ್‌ನ ನೋಟ್‌ಬುಕ್

ನಾಲ್ಕನೇ ಭಾನುವಾರ ಕುಣಿಗಲ್‌ಗೆ ಹೋದೆವು. ತಿಂಡಿಗಿಂತ ಲೆಕ್ಕದ ಮಾತೇ ಅಲ್ಲಿ ಹೆಚ್ಚಾಯಿತು. ನಮ್ಮ ಗೆಳೆಯ ಬಿ.ಕಾಂ. ಮುಗಿಸಿ ಎರಡು ವರ್ಷವಾಗಿದೆ. ಎರಡು ಸಲ ಸರ್ಕಾರಿ ಪರೀಕ್ಷೆ ಬರೆದಿದ್ದಾನೆ, ಕೆಲವೇ ಅಂಕಗಳಲ್ಲಿ ತಪ್ಪಿದೆ. ದೊಡ್ಡಕೆರೆಯ ಏರಿ ಮೇಲೆ ಕೂತು ಒಂದು ನೋಟ್‌ಬುಕ್ ತೆಗೆದ. ಒಂದು ಕೆಜಿ ಮೈದಾಕ್ಕೆ ಸುಮಾರು 80 ಮೊಮೊ. ಪ್ಲೇಟಿಗೆ ಎಂಟರಂತೆ ಹತ್ತು ಪ್ಲೇಟು, ಪ್ಲೇಟಿಗೆ 60 ರೂಪಾಯಿಯಂತೆ 600. ಅದರಲ್ಲಿ ಮೈದಾ, ತರಕಾರಿ, ಎಣ್ಣೆ, ಗ್ಯಾಸು, ಪೇಪರ್ ಪ್ಲೇಟು ಕಳೆಯಬೇಕು. ಮಳೆ ಬಂದ ದಿನ ನಷ್ಟ. ಫ್ರೋಜನ್ ಮೊಮೊ ತರಿಸಿದರೆ ಕೆಲಸ ಕಡಿಮೆ, ಲಾಭವೂ ಕಡಿಮೆ. ಕೈಯಲ್ಲೇ ಮಾಡಿದರೆ ಮಧ್ಯಾಹ್ನ ಹನ್ನೆರಡಕ್ಕೇ ಕೂರಬೇಕು. ಬೆಂಗಳೂರು–ಮಂಗಳೂರು ಹೆದ್ದಾರಿ ಹತ್ತಿರವಿದೆ, ಕಾಲೇಜಿನ ಹುಡುಗರಿದ್ದಾರೆ, ಗಿರಾಕಿಗೆ ಕೊರತೆಯಾಗದು ಎಂಬುದು ಅವನ ಅಂದಾಜು.

ಅವನು ಓದಿಕೊಂಡೂ ಇದ್ದ. ಬೀದಿ ಬದಿ ವ್ಯಾಪಾರಿಗಳ ರಕ್ಷಣೆಗೆ 2014ರ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕೆಂದು ಅದು ಹೇಳುತ್ತದೆ. 2020ರ ಜೂನ್‌ನಲ್ಲಿ ಶುರುವಾದ ಪಿಎಂ ಸ್ವನಿಧಿ ಯೋಜನೆಯಲ್ಲಿ ಬೀದಿ ವ್ಯಾಪಾರಿಗಳಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಮೊದಲ ಸಾಲ 10,000 ರೂಪಾಯಿ ಇದ್ದದ್ದನ್ನು 2025ರಲ್ಲಿ 15,000ಕ್ಕೆ ಏರಿಸಿದರು. ಹೊತ್ತಿಗೆ ತೀರಿಸಿದರೆ ಮುಂದಿನ ಸಾಲ ಅದಕ್ಕಿಂತ ದೊಡ್ಡದು. ಪುರಸಭೆಯಿಂದ ವ್ಯಾಪಾರಿಯೆಂಬ ಗುರುತು ಪತ್ರ ಬೇಕು, ಆಹಾರ ಮಾರುವುದಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಇಷ್ಟನ್ನೂ ಅವನು ಪರೀಕ್ಷೆಯ ನೋಟ್ಸಿನ ಹಾಗೆ ಬರೆದಿಟ್ಟುಕೊಂಡಿದ್ದ.

ತೊಡಕಿದ್ದದ್ದು ಮನೆಯಲ್ಲಿ. ಸಂಜೆ ಅವರ ಮನೆಗೆ ಹೋದಾಗ ಅಮ್ಮ ಕಾಫಿ ಕೊಟ್ಟು, 'ನೀವಾದ್ರೂ ಹೇಳ್ರಪ್ಪ' ಎಂದು ಶುರು ಮಾಡಿದರು. ಅಪ್ಪ ಪೇಪರಿನಿಂದ ತಲೆ ಎತ್ತದೆ, 'ಡಿಗ್ರಿ ಓದ್ಸಿದ್ದು ಬೀದೀಲಿ ಗಾಡಿ ತಳ್ಳಕ್ಕಾ? ಅದು ಅವ್ರು ಮಾಡೋ ಕೆಲ್ಸ' ಎಂದರು.

'ಅವರು' ಎಂದರೆ ಯಾರೆಂದು ಕೇಳಬೇಕಿರಲಿಲ್ಲ. ಎರಡು ಎಕರೆ ಹೊಲದಲ್ಲಿ ದುಡಿದು ಮಗನನ್ನು ಓದಿಸಿದ ಅಪ್ಪನಿಗೆ ಮಗ ಕುರ್ಚಿಯ ಮೇಲೆ ಕೂರಲಿ ಎಂಬ ಆಸೆ ಇರುವುದು ತಪ್ಪೂ ಅಲ್ಲ. ಆದರೆ ಬಸ್ಸಿನಲ್ಲಿ ವಾಪಸ್ ಬರುವಾಗ ಆ ಒಂದು ಪದ ನನ್ನನ್ನು ಬಿಡಲಿಲ್ಲ. ಗಾಡಿಯ ತಿಂಡಿ ನಮಗೆ ಬೇಕು, ಗಾಡಿ ಹಿಂದೆ ನಿಂತವರು ನಮ್ಮವರಲ್ಲ. ಹೀಗೆ ಅಂದುಕೊಂಡಾಗ ಇಬ್ಬರಿಗೆ ಪೆಟ್ಟು ಬೀಳುತ್ತದೆ. ಪೂರ್ವ ನೇಪಾಳದ ಅಣ್ಣನಿಗೆ ಬಾಡಿಗೆ ಮನೆ ಸಿಗುವುದಿಲ್ಲ, ಕುಣಿಗಲ್‌ನ ಬಿ.ಕಾಂ. ಹುಡುಗನಿಗೆ ದುಡಿದು ತಿನ್ನಲು ಅನುಮತಿ ಸಿಗುವುದಿಲ್ಲ. ಕೆಲಸವನ್ನು 'ಅವರದು' ಎಂದು ಪಕ್ಕಕ್ಕಿಟ್ಟರೆ ಅದು ನಮ್ಮ ಮಕ್ಕಳಿಗೂ ಮುಚ್ಚಿದ ಬಾಗಿಲಾಗುತ್ತದೆ.

ಹಿಂದೆ ನಮ್ಮವರು ಹೀಗೆ ಯೋಚಿಸಿದ್ದರೆ ಎಷ್ಟೋ ತಿಂಡಿಗಳು ನಮಗೆ ಸಿಗುತ್ತಿರಲಿಲ್ಲ. ಮೂರೂ ಊರುಗಳಲ್ಲಿ ನಾವು ಕಂಡ ಅಯ್ಯಂಗಾರ್ ಬೇಕರಿಗಳನ್ನೇ ನೋಡಿ. ಬ್ರೆಡ್ಡು, ಬನ್ನು ಇಂಗ್ಲಿಷರ ತಿಂಡಿ. ಹಾಸನ ಜಿಲ್ಲೆಯ ಅಯ್ಯಂಗಾರ್ ಕುಟುಂಬದವರು ಬೆಂಗಳೂರಿಗೆ ಬಂದು 1898ರಲ್ಲಿ ಬಿ.ಬಿ. ಬೇಕರಿ ತೆರೆದರು. ಮಡಿವಂತರ ಮನೆಯವರು ಮೊಟ್ಟೆಯಿಲ್ಲದ ಬ್ರೆಡ್ಡು ಬೇಯಿಸಿದರು, ಮೇಲೆ ಖಾರದ ಪಲ್ಯ ಹಾಕಿದರು. ಇವತ್ತು ಖಾರಾ ಬನ್ನನ್ನು ಯಾರಾದರೂ ವಿದೇಶಿ ಎನ್ನುತ್ತಾರೆಯೇ? ಉಡುಪಿಯಿಂದ ಮುಂಬೈಗೆ ಹೋಗಿ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ, ಮುಂದೆ ತಮ್ಮದೇ ಹೋಟೆಲು ಕಟ್ಟಿದ ಹುಡುಗರೂ ಅಲ್ಲಿಯವರಿಗೆ 'ಹೊರಗಿನವರೇ' ಆಗಿದ್ದರು. ಊರು ಬಿಟ್ಟು ಹೋಗಿ ಒಲೆ ಹೊತ್ತಿಸಿದವರ ಕಥೆ ಕನ್ನಡಿಗರಿಗೆ ಹೊಸದಲ್ಲ.

ಎಲ್ಲರೂ ಓದು ಬಿಟ್ಟು ಮೊಮೊ ಗಾಡಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಖಾಲಿ ಹುದ್ದೆ ತುಂಬಬೇಕಾದವರು ತುಂಬಲೇಬೇಕು, ಅದನ್ನು ಕೇಳುವುದು ನಮ್ಮ ಹಕ್ಕು. ದಿನವಿಡೀ ನಿಂತು ದುಡಿಯುವ ಗಾಡಿಯ ಕೆಲಸ ಸುಲಭವೂ ಅಲ್ಲ, ಎಲ್ಲರಿಗೂ ಒಗ್ಗುವುದೂ ಇಲ್ಲ. ನಾನು ಹೇಳುವುದು ಸಣ್ಣ ಮಾತು. ಮುಂದಿನ ಸಲ ಮೊಮೊ ತಿನ್ನುವಾಗ ಗಾಡಿಯವರ ಹೆಸರು ಕೇಳಿ, ಊರು ಕೇಳಿ. 'ಚಿಂಕಿ' ಎಂಬ ಪದ ಗೆಳೆಯರ ಬಾಯಿಂದ ಬಂದರೆ ಅಲ್ಲೇ ತಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಹೊರಗಿನವರ ಬಗ್ಗೆ ಏನಾದರೂ ಬಂದರೆ ಫಾರ್ವರ್ಡ್ ಒತ್ತುವ ಮೊದಲು 2012ರ ಆ ಪ್ಲಾಟ್‌ಫಾರ್ಮ್ ನೆನಪಿಸಿಕೊಳ್ಳಿ. ಕ್ಲಾಸ್‌ಮೇಟ್ ಒಬ್ಬ ಗಾಡಿ ಹಾಕಿದರೆ 'ಪಾಪ' ಎನ್ನಬೇಡಿ, ಹೋಗಿ ತಿಂದು ದುಡ್ಡು ಕೊಟ್ಟು ಬನ್ನಿ.

ಕುಣಿಗಲ್‌ನಲ್ಲಿ ಮಾತುಕತೆ ಒಂದು ಹಂತಕ್ಕೆ ಬಂದಿದೆ. ಅಮ್ಮ ಒಪ್ಪಿದ್ದಾರೆ. ಅಪ್ಪ ಆರು ತಿಂಗಳು ಗಡುವು ಕೊಟ್ಟಿದ್ದಾರೆ, ಪರೀಕ್ಷೆ ಬಿಡಬಾರದು ಎಂಬ ಷರತ್ತಿನ ಮೇಲೆ. ಮಡಚುವುದನ್ನು ಕಲಿಯಲು ಅವನೀಗ ವಾರಕ್ಕೆರಡು ಮಧ್ಯಾಹ್ನ ತುಮಕೂರಿಗೆ ಬಂದು ನೇಪಾಳದ ಅಣ್ಣನ ಪಕ್ಕ ಕೂರುತ್ತಾನೆ. ಕಲಿಸುವುದಕ್ಕೆ ಅಣ್ಣ ದುಡ್ಡು ಬೇಡ ಎಂದರು. ಬದಲಿಗೆ ಮಗಳ ಗಣಿತದ ಹೋಂವರ್ಕ್ ನೋಡಿಕೊಡಬೇಕಂತೆ. ಪುರಸಭೆಗೆ ಅರ್ಜಿ ಹೋಗಿದೆ. ಗಾಡಿ ನಿಂತ ದಿನ ಮೊದಲ ಎರಡು ಪ್ಲೇಟು ಗುಬ್ಬಿಯವನದು ಮತ್ತು ನನ್ನದು, ಆದರೆ ಬೈಟು ಕೇಳುವಂತಿಲ್ಲ, ಪೂರ್ತಿ ದುಡ್ಡು ಕೊಡಬೇಕು ಎಂದು ಈಗಲೇ ಎಚ್ಚರಿಸಿದ್ದಾನೆ.